‘ಒಪ್ಪುತ್ತೇನೆ’ ಅಂದದ್ದು ಯಾವುದಕ್ಕೆ? ಬಳ್ಳಾರಿಯ ವಕೀಲರ ಕಚೇರಿಯೊಂದರ ವೆಬ್‌ಸೈಟಿನ ಕುಕೀ ಪ್ರಕರಣ

ಬಳ್ಳಾರಿ ಕೋರ್ಟಿನ ಸುತ್ತಮುತ್ತ ಇರುವ ವಕೀಲರ ಕಚೇರಿಗಳಲ್ಲಿ ಇದೂ ಒಂದು. ಒಬ್ಬರು ಹಿರಿಯ ವಕೀಲರು, ಇಬ್ಬರು ಜೂನಿಯರ್‌ಗಳು, ಹಿರಿಯರಿಗಿಂತ ಮೊದಲೇ ಬೀಗ ತೆಗೆದು ಕೂರುವ ಗುಮಾಸ್ತರು. ಅರ್ಧ ಕೆಲಸ ವಾಹನ ಅಪಘಾತದ ಪರಿಹಾರದ್ದು. ಉಳಿದದ್ದು ಜಮೀನು ವ್ಯಾಜ್ಯ, ಚೆಕ್ ಬೌನ್ಸ್, ಜೀವನಾಂಶ. ಕಚೇರಿಯ ಹೆಸರು ಹೇಳುವುದಿಲ್ಲ. ಮುಂದೆ ಬರುವ ಮಹಿಳೆಯ ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ನಾನು ಕಾನೂನು ಓದಿ, ಕೆಲಕಾಲ ಇದೇ ಕೋರ್ಟಿನಲ್ಲಿ ಕರಿ ಕೋಟು ಹಾಕಿಕೊಂಡು ಓಡಾಡಿ, ಆಮೇಲೆ ಸನ್ನದನ್ನು ಅಮಾನತಿನಲ್ಲಿಟ್ಟು ವೆಬ್‌ಸೈಟ್ ದುರಸ್ತಿಯ ಕೆಲಸಕ್ಕೆ ಬಿದ್ದವನು. ಹಾಗಾಗಿ ವಕೀಲರೂ ಕಂಪ್ಯೂಟರಿನವರೂ ನನ್ನನ್ನು ಅರ್ಧರ್ಧ ನಂಬುತ್ತಾರೆ.

ರವಾನೆ ಪುಸ್ತಕದಲ್ಲಿಲ್ಲದ ನೋಟಿಸು

ಕೋರ್ಟ್ ಕೂಡುವ ಮುಂಚಿನ ಗಡಿಬಿಡಿಯ ಹೊತ್ತು. ಒಬ್ಬ ಮಹಿಳೆ ಗುಮಾಸ್ತರ ಮೇಜಿನ ಮುಂದೆ ನಿಂತು, “ಅಣ್ಣಾ, ನಿಮ್ಮ ಆಫೀಸಿಂದ ನಮ್ಮನೆಯವ್ರಿಗೆ ಏನಾದ್ರೂ ಕಳಿಸೀರೇನು?” ಎಂದು ಕೇಳಿದರು. ಗುಮಾಸ್ತರು ಹೆಸರು ಕೇಳಿದರು, ಏರಿಯಾ ಕೇಳಿದರು, ರವಾನೆ ಪುಸ್ತಕ ತೆಗೆದು ಹಿಂದಿನ ತಿಂಗಳವರೆಗೂ ಬೆರಳಾಡಿಸಿದರು.

“ನಿಮ್ದು ವಕಾಲತ್ತೇ ಆಗಿಲ್ಲಮ್ಮ. ನೋಟಿಸ್ ಹೆಂಗೆ ಹೋಗ್ತೈತೆ?”

“ಪೋಸ್ಟಲ್ಲಲ್ಲಣ್ಣ, ಫೋನಲ್ಲಿ ಬಂದೈತೆ.”

ಆಕೆ ಜೀನ್ಸ್ ಹೊಲಿಗೆ ಘಟಕವೊಂದರಲ್ಲಿ ಕೆಲಸ ಮಾಡುವವರು. ಮನೆಗೆಲ್ಲ ಸೇರಿ ದೊಡ್ಡ ಫೋನ್ ಒಂದೇ, ಅದೂ ಗಂಡನದು. ಒಂದು ರಾತ್ರಿ ಅವನು ಮಲಗಿದ ಮೇಲೆ ‘ಜೀವನಾಂಶ’ ಎಂದು ಹುಡುಕಿ ಈ ಕಚೇರಿಯ ವೆಬ್‌ಸೈಟಿಗೆ ಬಂದಿದ್ದರು. ಹಿಂದೆ 125ನೇ ಕಲಂ ಎಂದು ಎಲ್ಲರ ಬಾಯಲ್ಲಿದ್ದದ್ದು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ, ಅರ್ಜಿಗೆ ಏನೇನು ಕಾಗದ ಬೇಕು ಎಂದು ಅಲ್ಲಿ ಕನ್ನಡದಲ್ಲಿ ಬರೆದಿತ್ತು. ಒಬ್ಬ ಜೂನಿಯರ್ ಕಷ್ಟಪಟ್ಟು ಬರೆದ ಒಳ್ಳೆಯ ಪುಟ ಅದು. ಆಕೆ ಓದಿದರು, ಮುಚ್ಚಿದರು. ಫೋನ್ ಮಾಡಲಿಲ್ಲ, ಫಾರಂ ತುಂಬಲಿಲ್ಲ.

ಮೂರ್ನಾಲ್ಕು ದಿನದ ಮೇಲೆ ಗಂಡ ಅದೇ ಫೋನಿನಲ್ಲಿ ತನ್ನ ಸಾಮಾಜಿಕ ಜಾಲತಾಣ ನೋಡುತ್ತ ಕೂತಿದ್ದಾಗ ಈ ಕಚೇರಿಯ ಜಾಹೀರಾತು ಬಂತು. ಗಂಡ ಖರ್ಚಿಗೆ ಕೊಡುತ್ತಿಲ್ಲವೇ ಎಂಬ ಅರ್ಥದ ಸಾಲು, ಕೆಳಗೆ ಕಚೇರಿಯ ನಂಬರು. ಒಮ್ಮೆ ಬಂದದ್ದನ್ನು ಅವನು ದಾಟಿಸಿದ. ಮತ್ತೆ ಮತ್ತೆ ಬಂದಾಗ, ಜಾಹೀರಾತಿನ ಮೂಲೆಯಲ್ಲಿ ‘ಇದು ನನಗೇಕೆ ಕಾಣುತ್ತಿದೆ’ ಎಂಬುದನ್ನು ಒತ್ತಿದ. ‘ನೀವು ಇವರ ವೆಬ್‌ಸೈಟಿಗೆ ಭೇಟಿ ಕೊಟ್ಟಿರಬಹುದು’ ಎಂದು ಅಲ್ಲಿತ್ತು. ಅವನಂತೂ ಹೋಗಿರಲಿಲ್ಲ. ಮನೆಯಲ್ಲಿ ಆ ಫೋನ್ ಮುಟ್ಟುವ ಇನ್ನೊಬ್ಬರು ಒಬ್ಬರೇ.

ಆಮೇಲೆ ಮನೆಯಲ್ಲಿ ನಡೆದದ್ದನ್ನು ಆಕೆ ಗುಮಾಸ್ತರಿಗೆ ಹೇಳಿದರಂತೆ. ಗುಮಾಸ್ತರು ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಸಂಜೆ ಹಿರಿಯರು ನನ್ನನ್ನು ಕರೆಸಿದರು. ಇಷ್ಟೆಲ್ಲ ಆದದ್ದು ಕುಕೀ ಎಂಬ, ವೆಬ್‌ಸೈಟು ಫೋನಿನಲ್ಲಿ ಇಡುವ ಗುರುತಿನಿಂದ. ಆದರೆ ಅವರ ಮೊದಲ ಮಾತು ಅದರ ಬಗ್ಗೆ ಅಲ್ಲ. “ನಾನು ಜಾಹೀರಾತು ಕೊಟ್ಟಿಲ್ಲಪ್ಪ. ಕೊಟ್ರೆ ನನ್ನ ಸನ್ನದೇ ಹೋಗ್ತೈತೆ.” ಭಯ ಸುಳ್ಳಲ್ಲ. ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮದಂತೆ ವಕೀಲರು ಜಾಹೀರಾತು ಕೊಟ್ಟು ಕೇಸು ಕರೆಯುವಂತಿಲ್ಲ. 2008ರ ತಿದ್ದುಪಡಿಯಿಂದ ವೆಬ್‌ಸೈಟ್ ಇಟ್ಟುಕೊಳ್ಳಲು ಸಿಕ್ಕ ಸಡಿಲಿಕೆಯೂ ಹೆಸರು, ವಿಳಾಸ, ಫೋನು, ಸನ್ನದಿನ ವಿವರ, ಓದು, ಯಾವ ವಿಷಯದ ಕೇಸು ನಡೆಸುತ್ತಾರೆ ಎಂಬಷ್ಟಕ್ಕೆ ಸೀಮಿತ. 2024ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟು ಆನ್‌ಲೈನ್‌ನಲ್ಲಿ ಕಕ್ಷಿದಾರರನ್ನು ಹಿಡಿಯುವ ವಕೀಲರ ಮೇಲೆ ಕ್ರಮ ತೆಗೆದುಕೊಳ್ಳಿ ಎಂದ ಮೇಲೆ ಪರಿಷತ್ತು ಇನ್ನಷ್ಟು ಬಿಗಿಯಾಯಿತು.

ಜಾಹೀರಾತು ಕೊಟ್ಟವನು ವೆಬ್‌ಸೈಟ್ ಮಾಡಿಕೊಟ್ಟ ಹುಡುಗ. ಕೆಟ್ಟವನಲ್ಲ. “ಸರ್, ಐನೂರು ರೂಪಾಯಿದು ಬೂಸ್ಟ್ ಮಾಡಿದ್ದೆ, ಫ್ರೀಯಾಗಿ, ಡೆಮೊ ತೋರಿಸೋಣ ಅಂತ” ಎಂದ. ಯಾರಿಗೆ ತೋರಿಸಬೇಕು ಎಂದು ಆ ಜಾಲತಾಣ ಕೇಳಿದಾಗ, ‘ಈ ವೆಬ್‌ಸೈಟ್ ನೋಡಿದವರಿಗೆ’ ಎಂದು ಆರಿಸಿದ್ದ. ಜೀನ್ಸ್ ಅಂಗಡಿಗೂ ಹಲ್ಲಿನ ಡಾಕ್ಟರಿಗೂ ಅವನು ಹಾಗೇ ಮಾಡಿಕೊಡುತ್ತಾನೆ. ಅಂಗಡಿಗೆ ಅದು ಸರಿಯೇ. ಪ್ಯಾಂಟು ನೋಡಿ ಹೋದವನಿಗೆ ಮತ್ತೆ ಪ್ಯಾಂಟು ತೋರಿಸಿದರೆ ಯಾರ ಮನೆಯೂ ಒಡೆಯುವುದಿಲ್ಲ.

ಚಪ್ಪಲಿ ಬಿಲ್ಲೆ

ಕುಕೀ ಎಂದರೇನು ಎಂದು ಹಿರಿಯರಿಗೆ ಹೇಳಬೇಕಾಯಿತು. ಕನಕದುರ್ಗಮ್ಮನ ಗುಡಿಯ ಹೊರಗೆ ಚಪ್ಪಲಿ ಬಿಟ್ಟರೆ ಒಂದು ಬಿಲ್ಲೆ ಕೊಡುತ್ತಾರಲ್ಲ, ಅದು ಎಂದೆ. ಬಿಲ್ಲೆಯ ಮೇಲೆ ನಿಮ್ಮ ಹೆಸರಿಲ್ಲ, ನಂಬರು ಮಾತ್ರ. ವೆಬ್‌ಸೈಟಿಗೆ ನೆನಪಿಲ್ಲ; ಒಂದು ಪುಟದಿಂದ ಇನ್ನೊಂದಕ್ಕೆ ಹೋದರೆ ನೀವು ಹೊಸಬರೇ. ಅದಕ್ಕೇ ನಿಮ್ಮ ಬ್ರೌಸರಿಗೆ ಒಂದು ನಂಬರು ಕೊಟ್ಟು, ಮತ್ತೆ ಬಂದಾಗ ತೋರಿಸು ಎನ್ನುತ್ತದೆ. 1994ರಲ್ಲಿ ನೆಟ್‌ಸ್ಕೇಪ್ ಎಂಬ ಬ್ರೌಸರ್ ಕಂಪನಿಯಲ್ಲಿದ್ದ ಲೂ ಮಾಂಟುಲಿ ಇದನ್ನು ಹೊಂದಿಸಿದ್ದು ಇಂಥ ಮರೆವಿಗೆ ಮದ್ದಾಗಿ.

ಈಗ ಹೀಗೆ ಯೋಚಿಸಿ: ದುರ್ಗಮ್ಮನ ಗುಡಿ, ಹುಲಿಗಿ, ಕೊಪ್ಪಳದ ಗವಿಮಠ, ಹಂಪಿ, ನಾಲ್ಕೂ ಕಡೆ ಚಪ್ಪಲಿ ಕಾಯುವ ಗುತ್ತಿಗೆ ಒಬ್ಬನದೇ. ಎಲ್ಲಿ ಹೋದರೂ ನೀವು ಅದೇ ಬಿಲ್ಲೆ ತೋರಿಸುತ್ತೀರಿ, ಅವನು ಬರೆದುಕೊಳ್ಳುತ್ತಾನೆ. ಗುಡಿಯವರಿಗೆ ಅವನು ಏನು ಬರೆದುಕೊಂಡ ಎಂದು ಗೊತ್ತಿಲ್ಲ. ಆದರೆ ಅವನನ್ನು ಬಾಗಿಲಲ್ಲಿ ಕೂರಿಸಿದವರು ಅವರೇ. ಇದೇ ಮೂರನೆಯವರ ಕುಕೀ. ಆ ಹುಡುಗ ವೆಬ್‌ಸೈಟಿನಲ್ಲಿ ಸೇರಿಸಿದ್ದ ‘ಪಿಕ್ಸೆಲ್’ ಎಂಬ ನಾಲ್ಕು ಸಾಲಿನ ಕೋಡು ಮಾಡುತ್ತಿದ್ದದ್ದು ಇಷ್ಟೇ: ಪುಟ ತೆರೆದ ಕೂಡಲೇ ಆ ಪುಟದ ವಿಳಾಸವನ್ನು ಜಾಲತಾಣಕ್ಕೆ ಕಳಿಸುವುದು. ಆ ಮನೆಯವರು ಫೋನಿನಲ್ಲಿ ಜಾಗ ಸಾಲದೆಂದು ಜಾಲತಾಣದ ಆ್ಯಪ್ ತೆಗೆದು ಕ್ರೋಮ್‌ನಲ್ಲೇ ನೋಡುತ್ತಿದ್ದರು. ಕ್ರೋಮ್‌ನಲ್ಲಿ ಗಂಡನ ಖಾತೆ ತೆರೆದೇ ಇತ್ತು. ಹೆಂಡತಿ ಓದಿದ ಪುಟ ಗಂಡನ ಬಿಲ್ಲೆಯ ಲೆಕ್ಕಕ್ಕೆ ಹೋಯಿತು.

ಸಫಾರಿ ಬ್ರೌಸರು 2020ರಿಂದಲೇ ಇಂಥ ಮೂರನೆಯವರ ಕುಕೀಗಳನ್ನು ತಾನಾಗಿ ತಡೆಯುತ್ತದೆ. ಕ್ರೋಮ್ ತಡೆಯುತ್ತೇನೆ ಎಂದು ವರ್ಷಗಟ್ಟಲೆ ಹೇಳಿ, 2024ರ ಜುಲೈನಲ್ಲಿ ಆ ಯೋಜನೆ ಕೈಬಿಟ್ಟಿತು. ನಮ್ಮ ಕಡೆ ಫೋನ್ ಎಂದರೆ ಬಹುಪಾಲು ಆಂಡ್ರಾಯ್ಡ್, ಬ್ರೌಸರ್ ಎಂದರೆ ಕ್ರೋಮ್.

ನಾನು ಕಚೇರಿಯ ಕಂಪ್ಯೂಟರಿನಲ್ಲೇ ಅಜ್ಞಾತ ಕಿಟಕಿ (ಇನ್‌ಕಾಗ್ನಿಟೊ) ತೆರೆದು, ಪುಟವೊಂದು ಏನೇನು ಇಡುತ್ತದೆ, ಎಲ್ಲಿಗೆ ಕಳಿಸುತ್ತದೆ ಎಂದು ತೋರಿಸುವ ಡೆವಲಪರ್ ಟೂಲ್ಸ್ ಪಕ್ಕಕ್ಕಿಟ್ಟುಕೊಂಡು ವೆಬ್‌ಸೈಟ್ ತೆರೆದೆ. ಎದುರಿಗೆ ಮೊದಲು ಬಂದದ್ದು ವಕೀಲರ ವೆಬ್‌ಸೈಟುಗಳಲ್ಲಿ ಸಾಮಾನ್ಯವಾಗಿ ಇರುವ ಆ ಪರದೆ: ‘ನಾನು ನನ್ನ ಇಚ್ಛೆಯಿಂದಲೇ ಬಂದಿದ್ದೇನೆ, ವಕೀಲರು ನನ್ನನ್ನು ಕರೆದಿಲ್ಲ, ಇಲ್ಲಿರುವುದು ಕಾನೂನು ಸಲಹೆಯಲ್ಲ’ ಎಂದು ಇಂಗ್ಲಿಷಿನಲ್ಲಿ ಹನ್ನೊಂದು ಸಾಲು. ಕೊನೆಯಲ್ಲಿ ಸಣ್ಣಕ್ಷರದಲ್ಲಿ, ‘ಈ ಸೈಟ್ ಕುಕೀ ಬಳಸುತ್ತದೆ, ಮುಂದುವರಿದರೆ ಒಪ್ಪಿದಂತೆ’. ಕೆಳಗೆ ಎರಡು ಗುಂಡಿ. ‘ಒಪ್ಪುತ್ತೇನೆ’ ಒತ್ತಿದರೆ ಒಳಗೆ. ‘ಒಪ್ಪುವುದಿಲ್ಲ’ ಒತ್ತಿದರೆ ಗೂಗಲ್ ಮುಖಪುಟಕ್ಕೆ ಗಡಿಪಾರು.

ನಾನಿನ್ನೂ ಯಾವ ಗುಂಡಿಯನ್ನೂ ಒತ್ತಿರಲಿಲ್ಲ. ಪಕ್ಕದ ಪಟ್ಟಿಯಲ್ಲಿ ಆಗಲೇ ಸಾಲುಗಟ್ಟಿದ್ದವು: ಬಂದವರನ್ನು ಎಣಿಸುವ ಗೂಗಲ್ ಅನಲಿಟಿಕ್ಸ್‌ನ ಎರಡು ಕುಕೀ, ಪಿಕ್ಸೆಲ್‌ನದೊಂದು, ಪರಿಚಯದ ವಿಡಿಯೊ ಅಂಟಿಸಿದ್ದರಿಂದ ಯೂಟ್ಯೂಬಿನವು, ಕಚೇರಿಗೆ ದಾರಿ ತೋರಿಸುವ ನಕ್ಷೆಯಿಂದ ಗೂಗಲ್‌ಗೆ ಹೋದ ಕೋರಿಕೆಗಳು. ಅನಲಿಟಿಕ್ಸ್‌ನ ಕುಕೀಗೆ ಎರಡು ವರ್ಷದ ಆಯಸ್ಸು ಬರೆದಿರುತ್ತದೆ. ಕ್ರೋಮ್ ಅದನ್ನು 400 ದಿನಕ್ಕೆ ಮೊಟಕು ಮಾಡುತ್ತದೆ, ಅಷ್ಟೇ ಸಮಾಧಾನ. ‘ಒಪ್ಪುವುದಿಲ್ಲ’ ಒತ್ತಿ ನೋಡಿದೆ. ಗೂಗಲ್‌ಗೆ ಕಳಿಸಿತು. ಕುಕೀಗಳು ಅಲ್ಲೇ ಇದ್ದವು.

ಹಿರಿಯರು ಹಿಂದೆ ನಿಂತು ನೋಡುತ್ತಿದ್ದರು. “ಅಂದ್ರೆ, ಸಾಕ್ಷಿ ಪ್ರಮಾಣ ಮಾಡೋಕೆ ಮುಂಚೇನೇ ಹೇಳಿಕೆ ಬರೆದುಕೊಂಡಂಗಾಯ್ತು” ಎಂದರು. ಅದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುತ್ತಿರಲಿಲ್ಲ.

ಹಿರಿಯರ ವಾದ

ಆದರೆ ಅವರು ವಕೀಲರು. ಮಾರನೆಯ ದಿನಕ್ಕೆ ವಾದ ಸಿದ್ಧವಾಗಿತ್ತು.

ಮೊದಲನೆಯದು: “2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಪೂರ್ತಿ ಓದಿದೆ. ಅದರಲ್ಲಿ ಕುಕೀ ಅನ್ನೋ ಶಬ್ದವೇ ಇಲ್ಲ.” ನಿಜ, ಇಲ್ಲ. ಆದರೆ ಒಂದು ಮಾಹಿತಿಯಿಂದಲೋ ಅದರ ಸಂಬಂಧದಿಂದಲೋ ವ್ಯಕ್ತಿಯನ್ನು ಗುರುತಿಸಬಹುದಾದರೆ ಅದು ವೈಯಕ್ತಿಕ ದತ್ತಾಂಶ ಎಂದು ಕಾಯ್ದೆ ಹೇಳುತ್ತದೆ. ಬಿಲ್ಲೆಯ ನಂಬರಿನಿಂದ ಗಂಡನ ಖಾತೆಗೆ ನೇರ ದಾರಿ ಇತ್ತು, ಗಂಡನಿಂದ ಹೆಂಡತಿಗೆ. ಈ ಪ್ರಕರಣದಲ್ಲಿ ಗುರುತು ಸಿಕ್ಕೇ ಸಿಕ್ಕಿತ್ತಲ್ಲ ಎಂದೆ.

ಎರಡನೆಯದು: “ಕಾಯ್ದೆ ಪೂರ್ತಿ ಜಾರಿಯೇ ಆಗಿಲ್ಲ.” ಇದೂ ನಿಜ. 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದರೂ ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ಸೂಚನೆ, ಸಮ್ಮತಿ ಮುಂತಾದ ಮುಖ್ಯ ಕಟ್ಟುಪಾಡುಗಳಿಗೆ ಅಲ್ಲಿಂದ 18 ತಿಂಗಳ ಗಡುವು, ಅಂದರೆ 2027ರ ಮೇ. ಇದಕ್ಕೆ ನಾನು ಉತ್ತರ ಕೊಡಲಿಲ್ಲ, ಗುಮಾಸ್ತರು ಕೊಟ್ಟರು: “ಆಯಮ್ಮ ಅಲ್ಲೀವರೆಗೂ ಕಾಯ್ತಾಳಾ ಸರ್?”

ಮೂರನೆಯದು ಗಟ್ಟಿ ವಾದ. ಕಾನೂನಿನ ಹಕ್ಕು ಸಾಧಿಸಲು ಬೇಕಾದ ದತ್ತಾಂಶಕ್ಕೆ ಕಾಯ್ದೆಯ 17ನೇ ಕಲಂ ವಿನಾಯಿತಿ ಕೊಡುತ್ತದೆ. ವಕೀಲರಿಗೆ ಇದು ಬೇಕೇ ಬೇಕು. ಎದುರಾಳಿಯ ಸಮ್ಮತಿ ತೆಗೆದುಕೊಂಡು ಅವನ ಮೇಲೆ ದಾವೆ ಹಾಕಲಾಗುತ್ತದೆಯೇ? ಆದರೆ ಎಷ್ಟು ಜನ ಪುಟ ನೋಡಿದರು ಎಂದು ಎಣಿಸುವುದು ಯಾರ ಹಕ್ಕನ್ನು ಸಾಧಿಸುವ ಕೆಲಸ? ಆ ವಿನಾಯಿತಿ ಕಟ್ಲೆಯೊಳಗಿನ ಕಾಗದಕ್ಕೆ. ಕಚೇರಿಯ ಬಾಗಿಲಲ್ಲಿ ಕೂತು ಬಂದುಹೋದವರನ್ನು ಬರೆದುಕೊಳ್ಳುವವನಿಗಲ್ಲ. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರಿ, ಇದು ನಿನ್ನ ಕಡೆ” ಎಂದರು.

ಸಮ್ಮತಿ ಎಂದರೆ ಹೇಗಿರಬೇಕು ಎಂದು 6ನೇ ಕಲಂ ಹೇಳುತ್ತದೆ: ಮುಕ್ತವಾಗಿ, ನಿರ್ದಿಷ್ಟ ಉದ್ದೇಶಕ್ಕೆ, ವಿಷಯ ತಿಳಿದು, ಷರತ್ತಿಲ್ಲದೆ, ಸ್ಪಷ್ಟ ಕ್ರಿಯೆಯ ಮೂಲಕ ಕೊಟ್ಟದ್ದಾಗಿರಬೇಕು. ಉದ್ದೇಶಕ್ಕೆ ಬೇಕಾದಷ್ಟಕ್ಕೇ ಅದು ಸೀಮಿತ. ಕಾಯ್ದೆಯೇ ಒಂದು ಉದಾಹರಣೆ ಕೊಡುತ್ತದೆ: ದೂರವೈದ್ಯಕೀಯ ಆ್ಯಪ್ ಒಂದು ಚಿಕಿತ್ಸೆಗೆಂದು ಸಮ್ಮತಿ ಕೇಳುತ್ತ ಫೋನಿನಲ್ಲಿರುವ ನಂಬರುಗಳ ಪಟ್ಟಿಯನ್ನೂ ಕೇಳುತ್ತದೆ, ಬಳಕೆದಾರಳು ಎರಡಕ್ಕೂ ಹೂಂ ಎಂದರೂ, ಚಿಕಿತ್ಸೆಗೆ ಆ ಪಟ್ಟಿ ಬೇಕಿಲ್ಲವಾದ್ದರಿಂದ ಸಮ್ಮತಿ ಚಿಕಿತ್ಸೆಯ ಮಟ್ಟಿಗೆ ಮಾತ್ರ. ನಮ್ಮ ಪರದೆಯಲ್ಲಿ ಆದದ್ದು ಇದರ ತದ್ರೂಪು. ‘ವಕೀಲರು ನನ್ನನ್ನು ಕರೆದಿಲ್ಲ’ ಎಂದು ಒಪ್ಪಿದ ಬೆರಳನ್ನೇ ‘ನನ್ನ ಜಾಡು ಹಿಡಿಯಿರಿ’ ಎಂಬುದಕ್ಕೂ ಲೆಕ್ಕ ಹಾಕಿದ್ದರು. ಆ ಪರದೆ ವಕೀಲರನ್ನು ಕಾಪಾಡಲು ಹುಟ್ಟಿದ್ದು. 36ನೇ ನಿಯಮದ ಹೆದರಿಕೆಗೆ ಎಲ್ಲರೂ ಹಾಕಿಕೊಂಡು ರೂಢಿಗೆ ಬಂದದ್ದು. ಅದರಲ್ಲಿ ಓದುಗನು ವಕೀಲರಿಗೆ ಮಾತು ಕೊಡುತ್ತಾನೆ. ಕುಕೀ ಸಮ್ಮತಿಯಲ್ಲಿ ವಕೀಲರು ಓದುಗನಿಗೆ ಉತ್ತರ ಕೊಡಬೇಕು. ದಿಕ್ಕೇ ಬೇರೆಯಾದ ಎರಡು ಮಾತನ್ನು ಒಂದೇ ಗುಂಡಿಗೆ ಕಟ್ಟಿದ್ದು ಇಲ್ಲಿನ ಮೂಲ ತಪ್ಪು. ಪಿಕ್ಸೆಲ್ ಅದರ ಮೇಲೆ ಬಂದ ತಪ್ಪು.

ಇನ್ನೊಂದು ಸಂಗತಿ ವಕೀಲರಿಗಷ್ಟೇ ಹೊಳೆಯುವಂಥದು. ಕಕ್ಷಿದಾರ ವಕೀಲರಿಗೆ ಹೇಳಿದ್ದನ್ನು ಗುಟ್ಟಾಗಿಡಬೇಕೆಂದು ಹಳೆಯ ಸಾಕ್ಷ್ಯ ಕಾಯ್ದೆಯ 126ನೇ ಕಲಂ ಹೇಳುತ್ತಿತ್ತು. 2024ರ ಜುಲೈ 1ರಿಂದ ಅದು ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂ. ಆದರೆ ಈ ಮಹಿಳೆ ಕಕ್ಷಿದಾರರಾಗಿರಲಿಲ್ಲ. ಏನೂ ಹೇಳಿಯೂ ಇರಲಿಲ್ಲ, ಬರೀ ಓದಿದ್ದರು. ವಕಾಲತ್ತಿಗೆ ಸಹಿ ಬೀಳುವ ಮುಂಚಿನ ಈ ಹೊತ್ತಿಗೆ ಆ ಕಲಂ ಚಾಚುವುದು ಕಷ್ಟ. ಗುಟ್ಟು ಹೆಚ್ಚು ಬೇಕಾಗಿರುವುದೂ ಇದೇ ಹೊತ್ತಿಗೆ. ಕಚೇರಿಗೆ ಬರಲೋ ಬೇಡವೋ ಎಂದು ತೂಗುತ್ತಿರುವವರಿಗೆ ಬಂದ ಸುದ್ದಿ ಹೊರಬೀಳುವುದೇ ಅಪಾಯ.

ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರಿನ 2017ರ ಆಗಸ್ಟ್ 24ರ ತೀರ್ಪನ್ನೂ ಹಿರಿಯರೇ ಎತ್ತಿದರು. ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕು ಎಂದ ತೀರ್ಪು ಅದು. ಅರ್ಜಿದಾರರು ನಮ್ಮ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಗಳಾಗಿದ್ದವರು. ಹಿರಿಯರಿಗೆ ಅದರ ಬಗ್ಗೆ ಹೆಮ್ಮೆ. ಭಾಷಣದಲ್ಲಿ ಆ ಹೆಸರು ಹೇಳಿ ಸ್ವಂತ ವೆಬ್‌ಸೈಟಿನಲ್ಲಿ ಪಿಕ್ಸೆಲ್ ಇಟ್ಟುಕೊಂಡಿದ್ದೆನಲ್ಲ ಎಂದು ಅವರೇ ಅಂದುಕೊಂಡರು. ನಾನು ಅನ್ನಬೇಕಾಗಿ ಬರಲಿಲ್ಲ.

ಉಳಿದದ್ದು, ಹೋದದ್ದು

ಇಲ್ಲಿ ನನ್ನ ತಪ್ಪನ್ನೂ ಬರೆಯಬೇಕು. ನಾನು ಮೊದಲು ಸೂಚಿಸಿದ್ದು ಒಂದು ಸಿದ್ಧ ‘ಕುಕೀ ಬ್ಯಾನರ್’ ಪ್ಲಗಿನ್, ಅಂದರೆ ಒಪ್ಪಿಗೆ ಕೇಳುವ ಪಟ್ಟಿಯನ್ನು ವೆಬ್‌ಸೈಟಿಗೆ ಸೇರಿಸುವ ತಯಾರಿ ಕೋಡು. ಹಾಕಿ ನೋಡಿದೆವು. ಅದೇ ಹೊರಗಿನ ಸರ್ವರಿನಿಂದ ಬರುತ್ತಿತ್ತು, ತನ್ನದೂ ಒಂದು ಕುಕೀ ಇಡುತ್ತಿತ್ತು. ಅದರ ಯಂತ್ರಾನುವಾದದ ಕನ್ನಡದಲ್ಲಿ ‘ಎಲ್ಲಾ ಕುಕೀಸ್ ಸ್ವೀಕರಿಸಿ’ ಎಂದಿತ್ತು. ಗುಮಾಸ್ತರಿಗೆ ತೋರಿಸಿದರೆ, “ಚಾ ಜೊತೆ ಕೊಡೋದಾ?” ಎಂದರು. ಒಪ್ಪಿಗೆಯ ಗುಂಡಿ ಹಸಿರು, ದೊಡ್ಡದು. ಬೇಡ ಎನ್ನಲು ‘ಸೆಟ್ಟಿಂಗ್ಸ್’ ಒಳಹೊಕ್ಕು ಮೂರು ಗುಂಡಿ ಒತ್ತಬೇಕು. ಹೂಂ ಎನ್ನುವಷ್ಟು ಸುಲಭವಾಗಿ ಬೇಡ ಎನ್ನಲು ಬಿಟ್ಟಿಲ್ಲವೆಂದೇ ಫ್ರಾನ್ಸಿನ ದತ್ತಾಂಶ ಪ್ರಾಧಿಕಾರ 2022ರ ಜನವರಿಯಲ್ಲಿ ಗೂಗಲ್‌ಗೆ 15 ಕೋಟಿ ಯೂರೋ, ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡ ಪ್ರಕಟಿಸಿತ್ತು. ನಮ್ಮ ಕಾಯ್ದೆಯೂ ಸಮ್ಮತಿ ಕೊಟ್ಟಷ್ಟೇ ಸಲೀಸಾಗಿ ಹಿಂಪಡೆಯಲು ಆಗಬೇಕು ಎನ್ನುತ್ತದೆ. ಪ್ಲಗಿನ್ ತೆಗೆದೆವು.

ಆಮೇಲೆ ಪ್ರಶ್ನೆಯನ್ನೇ ತಿರುಗಿಸಿಕೊಂಡೆವು. ಸಮ್ಮತಿಯನ್ನು ಹೇಗೆ ಕೇಳುವುದು ಎಂಬುದಕ್ಕಿಂತ ಮುಂಚೆ, ಕೇಳಬೇಕಾದದ್ದು ಏನಾದರೂ ಇದೆಯೇ ಎಂದು ನೋಡಿದೆವು.

ಪಿಕ್ಸೆಲ್ ಬಗ್ಗೆ ಚರ್ಚೆಯೇ ಇಲ್ಲ. ಜಾಹೀರಾತು ಕೊಡುವಂತಿಲ್ಲದವರಿಗೆ ಜಾಹೀರಾತಿನ ಕುಕೀ ಯಾಕೆ? ತೆಗೆದದ್ದು ಎರಡು ನಿಮಿಷದ ಕೆಲಸ. ಹಿಂದೆ ಕೂಡಿಟ್ಟ ‘ವೀಕ್ಷಕರ ಪಟ್ಟಿ’ ಅಳಿಸಲು ಮಾತ್ರ ಒಂದು ವಾರ ಹಿಡಿಯಿತು, ಯಾಕೆಂದರೆ ಅದೆಲ್ಲ ಆ ಹುಡುಗನ ಸ್ವಂತ ಖಾತೆಯಲ್ಲಿತ್ತು. ವೆಬ್‌ಸೈಟ್ ಕಚೇರಿಯದು, ಬಿಲ್ಲೆಯ ಪುಸ್ತಕ ಹುಡುಗನ ಜೇಬಿನಲ್ಲಿ. ಅವನೊಂದಿಗೆ ಬರವಣಿಗೆಯ ಕರಾರೇ ಇರಲಿಲ್ಲ. ಇನ್ನೊಬ್ಬರಿಂದ ದತ್ತಾಂಶದ ಕೆಲಸ ಮಾಡಿಸುವುದಾದರೆ ಕರಾರು ಬೇಕೇ ಬೇಕು ಎಂದು ಕಾಯ್ದೆಯ 8ನೇ ಕಲಂ ಹೇಳುತ್ತದೆ. ದಿನವೂ ಬೇರೆಯವರಿಗೆ ಕರಾರು ಬರೆದುಕೊಡುವ ಕಚೇರಿ ಇದು. ಹುಡುಗ ನನ್ನೆದುರೇ ಪಟ್ಟಿ ಅಳಿಸಿದ. ಜಾಲತಾಣಕ್ಕೆ ಆಗಲೇ ಹೋದ ಮಾಹಿತಿಯನ್ನು ವಾಪಸ್ ತರುವ ದಾರಿ ನಮ್ಮ ಕೈಯಲ್ಲಿರಲಿಲ್ಲ. ಅದನ್ನು ತೆರವು ಮಾಡುವ ಸೆಟ್ಟಿಂಗ್ ಇರುವುದು ಖಾತೆದಾರನ ಬಳಿ, ಅಂದರೆ ಗಂಡನ ಬಳಿ.

ನಕ್ಷೆಯ ಬದಲು ಕಚೇರಿಗೆ ಬರುವ ದಾರಿಯ ಒಂದು ಚಿತ್ರ ಹಾಕಿ, ಮುಟ್ಟಿದರೆ ಗೂಗಲ್ ನಕ್ಷೆ ಬೇರೆ ಕಿಟಕಿಯಲ್ಲಿ ತೆರೆಯುವಂತೆ ಮಾಡಿದೆ. ವಿಡಿಯೊ ಕೂಡ ಹಾಗೆಯೇ, ಚಿತ್ರ ಮುಟ್ಟಿದ ಮೇಲೆಯೇ ಯೂಟ್ಯೂಬ್ ಬರುತ್ತದೆ. ಸಂಪರ್ಕ ಫಾರಂ ಉಳಿಯಿತು. ತಾನಾಗಿ ನಂಬರು ಬರೆದು ಫೋನ್ ಮಾಡಿ ಎಂದವರಿಗೆ ಫೋನ್ ಮಾಡಲು ಬೇರೆ ಸಮ್ಮತಿ ಬೇಕಿಲ್ಲ ಎಂಬುದಕ್ಕೆ 7ನೇ ಕಲಂ ಇದೆ. ಆದರೆ ‘ನಿಮ್ಮ ಸಮಸ್ಯೆ ವಿವರವಾಗಿ ಬರೆಯಿರಿ’ ಎಂಬ ದೊಡ್ಡ ಚೌಕ ತೆಗೆಸಿದೆ. ಜೂನಿಯರ್‌ಗೆ ಬೇಸರವಾಯಿತು. ಹೆಸರು, ನಂಬರು, ಯಾವ ಹೊತ್ತಿಗೆ ಫೋನ್ ಮಾಡಿದರೆ ಅನುಕೂಲ ಎಂಬ ಮೂರೇ ಪ್ರಶ್ನೆ ಉಳಿದವು. ಮೂರನೆಯದು ಗುಮಾಸ್ತರ ಸಲಹೆ, ಇಡೀ ಕೆಲಸದಲ್ಲಿ ಅತಿ ಉಪಯುಕ್ತವಾದದ್ದು.

ಅನಲಿಟಿಕ್ಸ್ ಬಿಡಲು ಮಾತ್ರ ಹಿರಿಯರಿಗೆ ಮನಸ್ಸಿಲ್ಲ. “ಎಷ್ಟು ಜನ ಓದ್ತಾರೆ ಅಂತಾದ್ರೂ ಗೊತ್ತಾಗ್ಬೇಕಲ್ಲ.” ಆಯಿತು, ಕೇಳಿ ಇಡೋಣ ಎಂದು ತೀರ್ಮಾನವಾಯಿತು.

ನಾಲ್ಕು ಸಾಲು ಬರೆಯಲು ಮೂರು ಸಂಜೆ

ಸಮ್ಮತಿ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾಗಲಿ ಓದುವ ಆಯ್ಕೆ ಇರಬೇಕು ಎಂದು ಕಾಯ್ದೆ ಹೇಳುತ್ತದೆ. ಬಳ್ಳಾರಿಯ ಮಟ್ಟಿಗೆ ಅದು ಕನ್ನಡ, ತೆಲುಗು, ಉರ್ದು. ಕೌಲ್ ಬಜಾರಿನಿಂದ ಬರುವವರಿಗೆ ಉರ್ದು, ಆಂಧ್ರದ ಗಡಿ ಕಡೆಯಿಂದ ಬರುವವರಿಗೆ ತೆಲುಗು. ಕನ್ನಡ ಮೊದಲು ಬರೆದೆವು. ಮೊದಲ ಕರಡಿನಲ್ಲಿ ‘ದತ್ತಾಂಶ ಪ್ರಧಾನರು ತಮ್ಮ ಸಮ್ಮತಿಯನ್ನು ಈ ಮೂಲಕ ವ್ಯಕ್ತಪಡಿಸತಕ್ಕದ್ದು’ ಎಂದು ಶುರುವಾಗಿತ್ತು. ಬರೆದವರು ಯಾರು ಎಂದು ಹೇಳಬೇಕಿಲ್ಲ. ಪ್ರತಿ ಕರಡನ್ನೂ ಗುಮಾಸ್ತರು ಗಟ್ಟಿಯಾಗಿ ಓದುವುದು, ಎಲ್ಲಿ ತಡವರಿಸುತ್ತಾರೋ ಅಲ್ಲಿ ಹೊಡೆದುಹಾಕುವುದು, ಹೀಗೆ ನಡೆಯಿತು. ‘ಕುಕೀ’ ಎಂಬ ಶಬ್ದವನ್ನು ಬಿಡಲಾಗಲಿಲ್ಲ, ಆದರೆ ಅದರ ಮುಂಚೆ ಅರ್ಥ ಹೇಳಿದೆವು. ಕೊನೆಗೆ ನಿಂತದ್ದು ಇದು:

“ಈ ವೆಬ್‌ಸೈಟ್ ಓದಲು ಯಾವ ಒಪ್ಪಿಗೆಯೂ ಬೇಕಿಲ್ಲ. ಎಷ್ಟು ಜನ ಓದಿದರು ಎಂದು ಎಣಿಸಲು ನಿಮ್ಮ ಫೋನಿನಲ್ಲಿ ಕುಕೀ ಎಂಬ ಒಂದು ಗುರುತು ಇಡಬಹುದೇ? ಈ ಎಣಿಕೆ ಗೂಗಲ್ ಕಂಪನಿಯ ಮೂಲಕ ಆಗುತ್ತದೆ. ಬೇಡ ಎಂದರೂ ಎಲ್ಲ ಪುಟಗಳು ತೆರೆಯುತ್ತವೆ. ಈಗ ಹೇಳಿದ್ದನ್ನು ಕೆಳಗಿನ ‘ಕುಕೀ ಆಯ್ಕೆ’ಯಲ್ಲಿ ಯಾವಾಗ ಬೇಕಾದರೂ ಬದಲಿಸಬಹುದು.”

ಕೆಳಗೆ ಒಂದೇ ಅಳತೆ, ಒಂದೇ ಬಣ್ಣದ ಎರಡು ಗುಂಡಿ: ‘ಇಡಬಹುದು’, ‘ಬೇಡ’. ಯಾರಿಗೆ ದೂರು ಕೊಡಬೇಕು, ಕಾಯ್ದೆಯಡಿಯ ದತ್ತಾಂಶ ಮಂಡಳಿಗೆ ಹೋಗುವುದು ಹೇಗೆ ಎಂಬ ವಿವರ ಬೇರೆ ಪುಟದಲ್ಲಿ. ವಕೀಲರ ಪರದೆ ತನ್ನ ಪಾಡಿಗೆ ಬೇರೆ ಉಳಿಯಿತು, ಕುಕೀ ಸಾಲು ಕಳೆದುಕೊಂಡು, ಕನ್ನಡಕ್ಕೆ ಬಂದು, ನಾಲ್ಕು ಸಾಲಿಗೆ ಇಳಿದು.

ಒಂದು ವಿಚಿತ್ರ ಉಂಟು: ‘ಬೇಡ’ ಎಂದದ್ದನ್ನು ನೆನಪಿಡಲಿಕ್ಕೂ ಒಂದು ಕುಕೀ ಬೇಕು, ಇಲ್ಲವಾದರೆ ಪ್ರತಿ ಪುಟದಲ್ಲೂ ಕೇಳುತ್ತಲೇ ಇರಬೇಕಾಗುತ್ತದೆ. ಅದು ಕಚೇರಿಯದೇ ಕುಕೀ, ಆರು ತಿಂಗಳಿನದು, ಒಳಗೆ ‘ಬೇಡ’ ಎಂಬ ಉತ್ತರ ಮತ್ತು ಸೂಚನೆಯ ಎಷ್ಟನೇ ಆವೃತ್ತಿ ಎಂಬುದು ಮಾತ್ರ. ಹೂಂ ಎಂದವರದು ಸ್ವಲ್ಪ ಬೇರೆ. ಮುಂದೆ ತಕರಾರು ಬಂದರೆ ಸೂಚನೆ ಕೊಟ್ಟಿದ್ದೆವು, ಸಮ್ಮತಿ ಸಿಕ್ಕಿತ್ತು ಎಂದು ರುಜುವಾತು ಮಾಡುವ ಹೊಣೆ ಕಚೇರಿಯ ಮೇಲಿದೆ. ಹಾಗಾಗಿ ದಿನಾಂಕ, ಆವೃತ್ತಿ, ಯಾವ ಭಾಷೆಯಲ್ಲಿ ಓದಿದರು ಎಂಬುದನ್ನು ಹೆಸರಿಲ್ಲದ ಒಂದು ಕ್ರಮಸಂಖ್ಯೆಯ ಎದುರು ಬರೆದಿಡುವಂತೆ ಮಾಡಿದೆ. ಹಿರಿಯರಿಗೆ ಈ ಭಾಗ ಬಹಳ ಹಿಡಿಸಿತು. ರುಜುವಾತು ಎಂದರೆ ಅವರಿಗೆ ಜೀವ.

ಸಮ್ಮತಿಯ ಲೆಕ್ಕಾಚಾರವೆಲ್ಲ ಕುಸಿದದ್ದು ಆ ಮಹಿಳೆಯ ಫೋನಿಗೆ ಅದನ್ನು ಹೊಂದಿಸಿ ನೋಡಿದಾಗ. ಒಂದೇ ಫೋನು, ಇಬ್ಬರು. ರಾತ್ರಿ ಹೆಂಡತಿ ‘ಇಡಬಹುದು’ ಎಂದರೆ ಬೆಳಿಗ್ಗೆ ಗಂಡನಿಗೆ ಆ ಪ್ರಶ್ನೆಯೇ ಬರುವುದಿಲ್ಲ. ಆದರೆ ಅವನ ಓದೂ ಅದೇ ಲೆಕ್ಕಕ್ಕೆ. ಗಂಡ ಒಪ್ಪಿದ್ದರೆ ಹೆಂಡತಿಯ ಓದು ಅವನ ಸಮ್ಮತಿಯ ಅಡಿಯಲ್ಲಿ. ಕಾನೂನು ಕೇಳುವುದು ವ್ಯಕ್ತಿಯ ಸಮ್ಮತಿಯನ್ನು, ಕುಕೀಗೆ ಗೊತ್ತಿರುವುದು ಬ್ರೌಸರು ಮಾತ್ರ. ಇದಕ್ಕೆ ಬ್ಯಾನರಿನಲ್ಲಿ ಮದ್ದಿಲ್ಲ. ಮಕ್ಕಳ ವಿಷಯವೂ ಹಾಗೇ. ಕಚೇರಿಯ ವೆಬ್‌ಸೈಟಿನಲ್ಲಿ ಪೋಕ್ಸೊ ಕಾಯ್ದೆಯ ಬಗ್ಗೆ ಒಂದು ಪುಟವಿದೆ. ಓದುವವರು 18 ತುಂಬದವರೂ ಇರಬಹುದು, ಅಂಥವರ ಜಾಡು ಹಿಡಿಯುವುದನ್ನು 9ನೇ ಕಲಂ ನಿಷೇಧಿಸುತ್ತದೆ. ಎಣಿಸುವ ಯಂತ್ರಕ್ಕೆ ವಯಸ್ಸು ಗೊತ್ತಾಗುವುದಿಲ್ಲ.

ಹಾಗಾಗಿ ಜೀವನಾಂಶ, ವಿಚ್ಛೇದನ, ಕೌಟುಂಬಿಕ ದೌರ್ಜನ್ಯ, ಪೋಕ್ಸೊ, ಈ ನಾಲ್ಕು ಪುಟಗಳಲ್ಲಿ ಕೇಳುವುದೂ ಬೇಡ, ಎಣಿಸುವುದೂ ಬೇಡ ಎಂದು ಮಾಡಿದೆವು. ಬೇರೆ ಪುಟದಲ್ಲಿ ಯಾರಾದರೂ ‘ಇಡಬಹುದು’ ಎಂದಿದ್ದರೂ ಇಲ್ಲಿ ಅನಲಿಟಿಕ್ಸ್ ಏಳುವುದಿಲ್ಲ. ಪುಟದ ಮೇಲ್ಗಡೆ ಎರಡು ಸಾಲು ಸೇರಿಸಿದೆವು: ಈ ಫೋನನ್ನು ಬೇರೆಯವರೂ ಬಳಸುತ್ತಾರಾದರೆ ಅಜ್ಞಾತ ಕಿಟಕಿಯಲ್ಲಿ ಓದಿ, ಕುಕೀ ಇಲ್ಲದಿದ್ದರೂ ಬ್ರೌಸರಿನ ಹಿಸ್ಟರಿಯಲ್ಲಿ ಈ ಪುಟದ ಹೆಸರು ಉಳಿಯುತ್ತದೆ.

ಆಮೇಲೆ

ಎರಡು ತಿಂಗಳಾದ ಮೇಲೆ ಅನಲಿಟಿಕ್ಸ್ ವರದಿ ತೋರಿಸಲು ಹೋದೆ. ‘ಇಡಬಹುದು’ ಎಂದವರು ಕೆಲವರೇ, ಹಾಗಾಗಿ ಅಂಕಿಗಳಿಂದ ಏನೂ ತಿಳಿಯುವಂತಿರಲಿಲ್ಲ. ಅದೂ ಇರಲಿ, ಕಚೇರಿಯಲ್ಲಿ ಯಾರೂ ಒಂದು ದಿನವೂ ಆ ವರದಿ ತೆರೆದಿರಲಿಲ್ಲ. ಯಾವ ಶಬ್ದ ಹುಡುಕಿ ಜನ ಬರುತ್ತಾರೆ ಎಂಬುದಷ್ಟೇ ಜೂನಿಯರ್‌ಗಳಿಗೆ ಬೇಕಿತ್ತು. ಅದು ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ಸಿಗುತ್ತದೆ, ಅದಕ್ಕೆ ವೆಬ್‌ಸೈಟಿನಲ್ಲಿ ಒಂದು ಕುಕೀಯೂ ಬೇಡ.

“ಹಂಗಾದ್ರೆ ಇದನ್ನ ಇಟ್ಟಿರೋದು ಯಾಕೆ?” ಎಂದರು ಹಿರಿಯರು.

“ನೀವೇ ಕೇಳಿದ್ರಿ ಸರ್.”

“ತೆಗಿ.”

ತೆಗೆದೆ. ಅನಲಿಟಿಕ್ಸ್ ಹೋದ ಮೇಲೆ ಕೇಳುವ ಪ್ರಶ್ನೆಯೂ ಹೋಯಿತು, ಸೂಚನೆಯೂ ಹೋಯಿತು, ಮೂರು ಸಂಜೆ ಕೂತು ಬರೆದ ನಾಲ್ಕು ಸಾಲೂ. ತೆಲುಗು ಅನುವಾದ ಹಿಂದಿನ ದಿನವಷ್ಟೇ ಮುಗಿದಿತ್ತು. ಉರ್ದುವಿನಲ್ಲಿ ಸಾಲು ಬಲದಿಂದ ಎಡಕ್ಕೆ ಹರಿಯುವುದರಿಂದ ‘ಬೇಡ’ ಗುಂಡಿ ಪರದೆಯಾಚೆ ಜಾರುತ್ತಿದ್ದದ್ದನ್ನು ಸರಿಮಾಡಲು ನಾನು ಒಂದು ಭಾನುವಾರ ಕಳೆದಿದ್ದೆ. ಅದರ ಬಿಲ್ಲು ಕೊಟ್ಟೆ, ಹಿರಿಯರು ಗೊಣಗದೆ ಕೊಟ್ಟರು.

ಈಗ ಅಜ್ಞಾತ ಕಿಟಕಿಯಲ್ಲಿ ವೆಬ್‌ಸೈಟ್ ತೆರೆದರೆ ಪಟ್ಟಿಯಲ್ಲಿ ಒಂದೇ ಸಾಲು: ವಕೀಲರ ಪರದೆಯನ್ನು ಓದಿದ್ದೀರಿ ಎಂದು ನೆನಪಿಡುವ ಕುಕೀ, ಬ್ರೌಸರ್ ಮುಚ್ಚಿದರೆ ಹೋಗುವಂಥದು.

ಆ ಮಹಿಳೆ ಮತ್ತೆ ಬಂದಿದ್ದರು. ಜೀವನಾಂಶದ ಅರ್ಜಿ ಹಾಕಿದ್ದಾಯಿತು. ತಾರೀಕು ತಿಳಿಸಲು ನಂಬರು ಕೇಳಿದಾಗ ಅವರು ತಂಗಿಯ ನಂಬರು ಬರೆಸಿದರು. ಗುಮಾಸ್ತರು ಕಕ್ಷಿದಾರರ ಪುಸ್ತಕದಲ್ಲಿ ನಂಬರಿನ ಪಕ್ಕ ಸ್ಕೇಲ್ ಇಟ್ಟು ಹೊಸದೊಂದು ಗೆರೆ ಎಳೆದು, ತಲೆಯಲ್ಲಿ ‘ಫೋನ್ ಯಾರದು’ ಎಂದು ಬರೆದಿದ್ದಾರೆ.